ಬೆಳಗಾವಿಯಿಂದ ತರಬೇಕಾದ ತಂತ್ರಾಂಶ

ಬೇರೆಯವರಿಗೆ ಅರ್ಥವಾಗದ ಒಂದು ಕಷ್ಟ ಮನುಷ್ಯನಿಗೆ ಇರಬೇಕು. ಅರ್ಥವಾದರೆ ಜನ ಸಲಹೆ ಕೊಡುತ್ತಾರೆ. ಆಗದಿದ್ದರೆ ಚಹಾ ಕೊಡುತ್ತಾರೆ. ಖಾನಾಪುರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬು ನೋಡಿಕೊಳ್ಳುತ್ತಿದ್ದ ನನಗೆ ಅಂಥದೊಂದು ಕಷ್ಟ ದೊರಕಿತ್ತು. ಅದರ ಹೆಸರು ಆರ್‌ಪಿಎಂ. ಲಿನಕ್ಸ್ ಯಂತ್ರಕ್ಕೆ ತಂತ್ರಾಂಶ ಹಾಕುವ ಹಳೆಯ ಆಜ್ಞೆ. ಒಂದನ್ನು ಹಾಕಹೋದರೆ ‘ಇದಕ್ಕೆ ಇನ್ನೊಂದು ಬೇಕು’ ಎನ್ನುತ್ತಿತ್ತು. ಅದನ್ನು ತಂದರೆ ಅದಕ್ಕೆ ಮತ್ತೆರಡು ಬೇಕು. ತಂದುಕೊಡುವ ಕೆಲಸ ಮಾತ್ರ ನನ್ನದು.

ತರಲು ಬೆಳಗಾವಿಗೇ ಹೋಗಬೇಕು. ಪ್ರಾಂಶುಪಾಲರು ಕೆಲಸದ ಮೇಲೆ ಹೊರಹೋಗುವ ಅರ್ಧ ದಿನದ ಓ.ಡಿ. ಚೀಟಿಗೆ ಮರುಮಾತಿಲ್ಲದೆ ಸಹಿ ಹಾಕುತ್ತಿದ್ದರು. ಬಸ್ಸು ಪೀರನವಾಡಿ ದಾಟುವಷ್ಟರಲ್ಲಿ ನನ್ನ ಮುಖದ ಚಿಂತೆ ಇಳಿದಿರುತ್ತಿತ್ತು. ಬೆಳಗಾವಿಯ ಕ್ಯಾಂಪ್ ಪ್ರದೇಶದ ಇಂಟರ್‌ನೆಟ್ ಅಂಗಡಿಯಲ್ಲಿ ಫ್ಲಾಪಿ ತುಂಬಿಸಲು ಇಪ್ಪತ್ತು ನಿಮಿಷ. ಪಕ್ಕದ ಬೇಕರಿಯಲ್ಲಿ ಖಾರಿ ಬಿಸ್ಕತ್ತು, ಚಹಾ, ಎರಡು ತಾಸು. ಖಾನಾಪುರದಲ್ಲಿ ಇಳಿಯುವಾಗ ಚಿಂತೆಯನ್ನು ಮತ್ತೆ ಹಾಕಿಕೊಳ್ಳುತ್ತಿದ್ದೆ. “ಒಂದ ಮಷಿನ್ ಸಲುವಾಗಿ ಎಷ್ಟ ಅಡ್ಡಾಡತೀರಿ. ಆ ಕಾಲೇಜಿನವರಿಗೆ ನಿಮ್ಮ ಕಿಮ್ಮತ್ತ ಗೊತ್ತಿಲ್ಲ ನೋಡ್ರಿ” ಎಂದು ಹೆಂಡತಿ ಮರುಗುತ್ತಿದ್ದಳು. ನನಗೆ ಬಹಳ ಸುಖವಾಗುತ್ತಿತ್ತು. ನಾಚಿಕೆಯೂ ಆಗುತ್ತಿತ್ತು, ಆದರೆ ಊಟವಾದ ಮೇಲೆ.

ಈಚೆಗಂತೂ ನನ್ನ ಕೈಗುಣ ಸುಧಾರಿಸಿತ್ತು. ತಂದ ಫ್ಲಾಪಿ ಹಾಕಿದರೆ ಆರ್‌ಪಿಎಂ ತಕರಾರು ತೆಗೆಯದೆ ‘ಇದನ್ನು ಆಗಲೇ ಹಾಕಲಾಗಿದೆ’ ಎನ್ನುತ್ತಿತ್ತು. ಎಷ್ಟು ಚುರುಕಾಗಿದೆ ಯಂತ್ರ ಎಂದುಕೊಂಡು ಲ್ಯಾಬಿಗೆ ಬೀಗ ಹಾಕುತ್ತಿದ್ದೆ.

ಹೀಗಿರುವಾಗ ಪತ್ರಿಕೆಯೊಂದರಲ್ಲಿ ಆಪ್ಟ್-ಗೆಟ್ ಎಂಬ ಹೊಸ ಆಜ್ಞೆಯ ಬಗ್ಗೆ ಓದಿದೆ. ಹೆಸರು ಹೇಳಿದರೆ ಸಾಕು, ಬೇಕಾದ್ದನ್ನೆಲ್ಲ ಸಿ.ಡಿ.ಯಿಂದ ತಾನೇ ಹುಡುಕಿ ಹಾಕುತ್ತದಂತೆ. ಅಂದರೆ ಇನ್ನು ಬೆಳಗಾವಿಯ ಅಗತ್ಯವೇ ಇಲ್ಲ. ಪತ್ರಿಕೆಯನ್ನು ಡ್ರಾಯರಿನ ತಳಕ್ಕೆ ಸೇರಿಸಿದೆ. ವಾರವಾದ ಮೇಲೆ ಮನಸ್ಸು ತಡೆಯದೆ ಲ್ಯಾಬಿನ ಸಹಾಯಕಿ ಶಕೀಲಾಬಾನು ಅವರಿಗೆ ವಿಷಯ ತಿಳಿಸಿ, “ಪ್ರಿನ್ಸಿಪಾಲರಿಗೆ ಮಾತ್ರ ಹೇಳಬ್ಯಾಡ್ರಿ, ಬಾಯಾರ” ಎಂದೆ.

ಅವರು ಕಂಪ್ಯೂಟರ್ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಅದರ ಸಿ.ಡಿ. ನನ್ನ ಕಪಾಟಿನ್ಯಾಗ ಆರು ತಿಂಗಳದಿಂದ ಐತ್ರಿ ಸರ್. ನೀವು ಬಸ್ ಹತ್ತಿದ ಮ್ಯಾಲ ಎಲ್ಲಾ ಹಾಕಿ ಮುಗಸ್ತಿದ್ದೆ.”

“ಮತ್ತ ನನಗ ಯಾಕ ಹೇಳಲಿಲ್ರಿ?”

“ಹೇಳಬೇಕಂತಿದ್ದೆ. ಪ್ರಿನ್ಸಿಪಾಲರೇ ಬ್ಯಾಡ ಅಂದ್ರು. ‘ಅವರು ಬೆಳಗಾವಿಗೆ ಹೋದ ದಿನ ಲ್ಯಾಬ್ ಚಲೋ ನಡೀತೈತಿ, ಇರ್ಲಿ ಬಿಡ್ರಿ’ ಅಂದ್ರು.”

ಮರುದಿನ ನಾನು ಓ.ಡಿ. ಕೇಳಲಿಲ್ಲ. ಹತ್ತೂವರೆಗೆ ಪ್ರಾಂಶುಪಾಲರೇ ಕರೆಸಿದರು. “ಯಾಕ್ರೀ, ಬೆಳಗಾವಿಯಿಂದ ಇವತ್ತ ಏನೂ ತರೂದಿಲ್ಲೇನು?” ಚೀಟಿಗೆ ಆಗಲೇ ಸಹಿಯಾಗಿತ್ತು. ಹೋಗಿಬಂದೆ. ಹೆಂಡತಿ ಎಂದಿನಂತೆ ಮರುಗಿದಳು. ಅಂದು ಮಾತ್ರ ಪೀರನವಾಡಿ ದಾಟಿದರೂ ಚಿಂತೆ ಇಳಿದಿರಲಿಲ್ಲ; ಬಸ್ಸಿನಿಂದ ಇಳಿಯುವಾಗ ಅದನ್ನು ಮತ್ತೆ ಹಾಕಿಕೊಳ್ಳಬೇಕಾಗಿ ಬರಲಿಲ್ಲ.