ರಜೆ ಕೊಟ್ಟ ಸಾಹೇಬರು

"ಇನ್ಮೇಲೆ ಯಾವ ಬಸುರಿಯೂ ಕಚೇರಿ ಮೆಟ್ಟಿಲು ಹತ್ತಬೇಕಾಗಿಲ್ಲ!" ಎನ್ನುತ್ತ ಪಂಚಾಕ್ಷರಿ ಮೇಜಿನ ಮೇಲಿನ ಬಟ್ಟೆಯನ್ನು ಸರ್ರನೆ ಎಳೆದ.

ಅವನ ಹೆಂಡತಿ ಚಂದ್ರಕಲಾ ಬಗ್ಗಿ ನೋಡಿದಳು. ಅಲ್ಲಿದ್ದದ್ದು ಅವಳ ತವರಿನಿಂದ ಬಂದ ಹೊಲಿಗೆ ಯಂತ್ರ! ಈಗ ಅದಕ್ಕೆ ಮೂರು ಕೈ, ಒಂದು ಗಾಜಿನ ಕಣ್ಣು, ಒಂದು ಮೊಹರು.

"ಅಯ್ಯೋ, ನನ್ನ ಮಿಷನ್ನು ಹಾಳು ಮಾಡಿದ್ರಲ್ರೀ!"

"ಹಾಳಲ್ಲ ಕಣೇ, ಉದ್ಧಾರ! ತಾಯಿ ಕಾರ್ಡು, ಜನನ ಪತ್ರ, ರೇಷನ್ ಕಾರ್ಡು, ಎಲ್ಲಾ ಇದೇ ಮಾಡ್ಸುತ್ತೆ."

"ಮೊದ್ಲು ನನ್ನ ಹೆರಿಗೆ ರಜೆ ಮಾಡ್ಸಿ, ಸಾಕು!"

ಅವಳ ಸಂಕಟ ಅವಳಿಗೆ. ಪಾಪ, ಸರ್ಕಾರಿ ಶಾಲೆಯ ಟೀಚರು. ಇವತ್ತು ಸಂಜೆಯೊಳಗೆ ರಜೆ ಮಂಜೂರಾಗದಿದ್ದರೆ ಸೋಮವಾರ ತವರಿಗೆ ಹೋಗುವ ಬದಲು, ದಿನ ತುಂಬಿದ ಹೊಟ್ಟೆ ಹೊತ್ತು ಮನೆಮನೆ ಸಮೀಕ್ಷೆಗೆ ಹೋಗಬೇಕು.

ಯಂತ್ರ ಅವಳ ಅರ್ಜಿಯನ್ನು ಓದಿ ಕೆಮ್ಮಿತು. "ಶಿಕ್ಷಣಾಧಿಕಾರಿಗಳ ಒಪ್ಪಿಗೆ ಬೇಕು. ಕುರ್ಚಿ ಖಾಲಿ ಇದೆ. ಭರ್ತಿ ಮಾಡಲೇ?"

"ಮಾಡು, ಮಾಡು!" ಎಂದುಬಿಟ್ಟ ಪಂಚಾಕ್ಷರಿ.

"ಯಾರನ್ನ ಅಂತ ಕೇಳ್ರೀ!" ಎಂದು ಚಂದ್ರಕಲಾ ಕೂಗುವಷ್ಟರಲ್ಲಿ ಕಾಗದಗಳು ಉದುರತೊಡಗಿದವು. ಯಂತ್ರದ ಬಳಿ ಇದ್ದ ಕಡತ ಒಂದೇ, ಹೊಟ್ಟೆಯಲ್ಲಿದ್ದ ಮಗುವಿನದು! ಜನನ ಪತ್ರ, ಅಂಗನವಾಡಿ ದಾಖಲಾತಿ, ಹತ್ತನೇ ತರಗತಿಯ ಅಂಕಪಟ್ಟಿ, ಶಿಕ್ಷಕರ ಹುದ್ದೆಯ ನೇಮಕಾತಿ. ನಿಮಿಷಕ್ಕೆ ಐದು ವರ್ಷದಂತೆ ಮಗು ಕಾಗದದ ಮೇಲೆ ಬೆಳೆಯುತ್ತಿತ್ತು.

ಅಡುಗೆಮನೆಯಿಂದ ಬಂದ ಅತ್ತೆ ಗಿರಿಜವ್ವ ಒಂದು ಹಾಳೆ ಎತ್ತಿಕೊಂಡರು. "ಏನಲೇ ಇದು, ಮದುವೆ ನೋಂದಣಿ? ನನಗೊಂದು ಮಾತು ಹೇಳದಂಗೆ! ಆಗಿದ್ದು ಮೊಮ್ಮಗಂದೋ, ಮೊಮ್ಮಗಳದೋ?"

"ಅದನ್ನು ಹೇಳುವುದು ಕಾನೂನುಬಾಹಿರ," ಎಂದು ಯಂತ್ರ ಗದರಿತು.

"ನಿಲ್ಲಿಸ್ರೀ ಇದನ್ನ!"

"ನಿಲ್ಲಿಸೋ ಗುಂಡಿನೇ ಇಟ್ಟಿಲ್ಲ ಕಣೇ. ಅರ್ಜಿಗೆ ಕೊನೆ ಅಂತ ಎಲ್ಲಾದ್ರೂ ಇರುತ್ತಾ?"

ಟಣ್! "ಐವತ್ತೈದು ವರ್ಷ. ಬಡ್ತಿ. ನೂತನ ಶಿಕ್ಷಣಾಧಿಕಾರಿಗಳಿಗೆ ನಮಸ್ಕಾರ!" ಯಂತ್ರ ಚಂದ್ರಕಲಾಳ ಹೊಟ್ಟೆಗೆ ಕೈಮುಗಿದು, ಅದರ ಮೇಲೆ ರಜೆ ಅರ್ಜಿ ಹರಡಿ, ಮೊಹರನ್ನು ಒಂದಂಗುಲ ಮೇಲೆ ಹಿಡಿಯಿತು. "ಸಾಹೇಬರು ಒದ್ದರೆ ಮಂಜೂರು. ಇನ್ನೊಂದು ನಿಮಿಷಕ್ಕೆ ಅರವತ್ತಾಗಿ ನಿವೃತ್ತರಾಗುತ್ತಾರೆ. ಬೇಗ!"

ರಾತ್ರಿಯೆಲ್ಲ ಒದೆಯುತ್ತಿದ್ದ ಸಾಹೇಬರು ಈಗ ಅಲುಗಾಡಲಿಲ್ಲ.

"ಮಲಗಿದೆ ಕಣ್ರೀ!" ಚಂದ್ರಕಲಾಳ ಕಣ್ಣಲ್ಲಿ ನೀರೇ ಬಂತು. "ಕಂದಾ, ಒಂದೇ ಒಂದು ಸಲ ಒದಿಯೋ. ಆ ಬಿಸಿಲಲ್ಲಿ ಅಲೆಯೋಕೆ ಅಮ್ಮನ ಕೈಲಿ ಆಗಲ್ಲ!"

"ಐವತ್ತೆಂಟು... ಐವತ್ತೊಂಬತ್ತು..."

"ಸರಿಯಲೇ ಆಕಡೆ!" ಗಿರಿಜವ್ವ ಮಗನನ್ನು ತಳ್ಳಿ, ಸೊಸೆಯ ಬಾಯಿಗೆ ಒಂದು ಚಮಚ ಹುಣಸೆ ತೊಕ್ಕು ತುರುಕಿದರು.

ಧಡ್!

ಹೊಟ್ಟೆ ಎದ್ದಿತು, ಕಾಗದ ಎದ್ದಿತು, ಮೊಹರು ಬಿತ್ತು. ಮಂಜೂರು! ಆ ಕ್ಷಣವೇ ಚಂದ್ರಕಲಾಳ ಮೊಬೈಲಿಗೆ ಆದೇಶ ಬಂದಿತು. ಅವಳು ಅಳುತ್ತಲೇ ನಕ್ಕು, ಹೊಟ್ಟೆಯನ್ನು ಸವರಿದಳು. "ನನ್ನ ಬಂಗಾರ!"

"ಅರವತ್ತು," ಎಂದಿತು ಯಂತ್ರ. ಬಾಗಿಲ ಮೇಲಿದ್ದ ಟವೆಲನ್ನೇ ಶಾಲು ಎಂದು ಹೊಟ್ಟೆಗೆ ಹೊದಿಸಿ ಸನ್ಮಾನ ಮಾಡಿತು. ಆಮೇಲೆ ಕೊನೆಯ ಕಾಗದ ಹೊರಬಂತು. ಪಂಚಾಕ್ಷರಿ ಓದಿದ: "ನಿವೃತ್ತ ಅಧಿಕಾರಿಗಳು ತಾವು ವಾಸವಿರುವ ಜಾಗವನ್ನು ತಕ್ಷಣವೇ ಖಾಲಿ ಮಾಡತಕ್ಕದ್ದು."

ಮೂವರ ಕಣ್ಣೂ ಹೊಟ್ಟೆಯ ಮೇಲೆ ಬಿತ್ತು.

"ಅಮ್ಮಾ!" ಎಂದು ಚಂದ್ರಕಲಾ ಸೊಂಟ ಹಿಡಿದುಕೊಂಡಳು.

ಪಂಚಾಕ್ಷರಿ ಆಟೋ ತರಲು ಬರಿಗಾಲಲ್ಲಿ ಓಡಿದ. ಗಿರಿಜವ್ವ ಮಾತ್ರ ನಿಧಾನವಾಗಿ ಬಟ್ಟೆಯ ಚೀಲ ಎತ್ತಿಕೊಂಡರು.

"ಹೇಳಿದ ಕೂಡಲೇ ಹೊರಡೋರು ಈ ಮನೇಲಿ ಇದೇ ಮೊದಲು," ಎಂದರು.