ಕಬ್ಬಿನ ಟ್ರೇಲರಿಗೆ ನಾನು ಹಚ್ಚಿದ ಸ್ಟಿಕರ್

ಯಾವುದನ್ನೇ ಆಗಲಿ ನೆಟ್ಟಗೆ ಅಂಟಿಸುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ಮೂಡಲಗಿ ತಾಲೂಕಿನಲ್ಲಿ ಇಲ್ಲ. ಕಲ್ಲೋಳಿಯ ನಮ್ಮ ಹಿಟ್ಟಿನ ಗಿರಣಿಯ ಗೋಡೆಗೆ ನಾನು ಅಂಟಿಸಿದ ಪೋಸ್ಟರುಗಳನ್ನು ನೋಡಿದವರಿಗೆ ಇದು ಗೊತ್ತು.

ಹಾಗಾಗಿ ಕಬ್ಬಿನ ಹಂಗಾಮಿಗೆ ಮೊದಲು ಪೊಲೀಸರು, ಸಕ್ಕರೆ ಕಾರ್ಖಾನೆಯವರು, ಪಂಚಾಯಿತಿಯವರು ಕೂಡಿ ಸಭೆ ಕರೆದು, "ಟ್ರೇಲರಿನ ಹಿಂದ ಹೊಳಿಯೋ ಕೆಂಪು ಸ್ಟಿಕರ್ ಹಚ್ಚಬೇಕು, ಯಾರು ಬರ್ತೀರಿ?" ಎಂದಾಗ, ಪ್ರಶ್ನೆ ಮುಗಿಯುವ ಮೊದಲೇ ನಾನು ಎದ್ದು ನಿಂತಿದ್ದೆ.

ಕಾರಣ ಬರೀ ಹುರುಪಲ್ಲ. ಮಗಳು ಸವಿತಾ ಗೋಕಾಕದ ಆಸ್ಪತ್ರೆಯಲ್ಲಿ ನರ್ಸ್. ದಿನಾ ಮುಸ್ಸಂಜೆಗೆ ಸ್ಕೂಟಿಯಲ್ಲಿ ಮನೆಗೆ ಬರುತ್ತಾಳೆ. ಹಿಂದೆ ದೀಪವಿಲ್ಲದ ಕಬ್ಬಿನ ಟ್ರೇಲರ್ ಹತ್ತಿರ ಹೋಗುವ ತನಕ ಕಾಣುವುದೇ ಇಲ್ಲ. ಹಂಗಾಮು ಶುರುವಾಯಿತೆಂದರೆ ನನ್ನ ಹೆಂಡತಿ ಮಹಾದೇವಿ ಮಗಳು ಬರುವವರೆಗೆ ಬಾಗಿಲು ಬಿಟ್ಟು ಕದಲುವುದಿಲ್ಲ.

ಮೂರು ದಿನ ಕಾರ್ಖಾನೆಯ ಅಂಗಳದಲ್ಲಿ ಖಾಲಿ ಟ್ರೇಲರುಗಳಿಗೆ ದಾರ ಹಿಡಿದು, ಅಳತೆ ನೋಡಿ, ಸ್ವಂತ ಟವೆಲ್ಲಿನಿಂದ ಒರೆಸಿ ಸ್ಟಿಕರ್ ಹಚ್ಚಿದೆ. ಒಂದೂ ಸೊಟ್ಟ ಇಲ್ಲ! ಪೊಲೀಸ್ ಸಾಹೇಬರು, "ಕಾಕಾ, ಕೆಲಸ ಅಂದ್ರ ಹಿಂಗಿರಬೇಕ್ರಿ" ಎಂದು ಬೆನ್ನು ತಟ್ಟಿದರು. ಆ ಬೆನ್ನನ್ನು ಊರಿಗೆಲ್ಲ ತೋರಿಸುತ್ತಾ ಮನೆಗೆ ಬಂದೆ.

ಮಹಾದೇವಿ ರೊಟ್ಟಿ ಬಡಿಯುತ್ತಿದ್ದಳು. "ಎಲ್ಲಿ ಹಚ್ಚಿದ್ರಿ?"

"ಹಿಂದಿನ ಹಲಗಿಗೆ. ನಟ್ಟನಡುವ!"

"ಕಬ್ಬು ಹೇರಿದ ಮ್ಯಾಲ ತುದಿ ಹಿಂದ ಜೋತಾಡ್ತಾವಲ್ರಿ. ಹಲಗಿ ಕಾಣತೈತೇನು?"

"ಇಷ್ಟು ಮಂದಿ ಕೂಡಿ ಮಾಡಿದ ಕೆಲಸ ಇದು. ನಿನಗ ತಿಳಿಯಂಗಿಲ್ಲ ಬಿಡು!"

ಆಕೆ ಹುಕ್ಕೇರಿ ಕಡೆಯ ಕಬ್ಬಿನ ಹೊಲದಲ್ಲೇ ಬೆಳೆದವಳು. ನಾನು ಕಬ್ಬನ್ನು ತಿಂದು ಬೆಳೆದವನು. ತಿಳಿವಳಿಕೆ ಯಾರಿಗೆ ಹೆಚ್ಚು ಎಂಬುದು ಬೇಗ ಇತ್ಯರ್ಥವಾಯಿತು.

ಹಂಗಾಮು ಶುರುವಾದ ವಾರದಲ್ಲೇ ಗಿರಣಿಯ ಬೆಲ್ಟ್ ಹರಿಯಿತು. ಹೊಸದನ್ನು ತರಲು ಗೋಕಾಕಕ್ಕೆ ಬೈಕಿನಲ್ಲಿ ಹೋದೆ. ಮರಳುವಾಗ ಮುಸ್ಸಂಜೆ. ಎದುರಿನ ಗಾಡಿಯ ಬೆಳಕು ಕಣ್ಣಿಗೆ ಹೊಡೆಯಿತು. ನಾನು ಹೆದರಲಿಲ್ಲ. ಮುಂದೆ ಟ್ರ್ಯಾಕ್ಟರ್ ಇದ್ದರೆ ನನ್ನ ಸ್ಟಿಕರ್ ಹೊಳೆಯಬೇಕು. ಹೊಳೆಯುತ್ತಿಲ್ಲ. ಅಂದರೆ ರಸ್ತೆ ಖಾಲಿ!

ಖಾಲಿ ಇರಲಿಲ್ಲ.

ಕಣ್ಣು ತೆರೆದಾಗ ಬಾಯಿಯಲ್ಲಿ ಕಬ್ಬಿನ ಗರಿ, ಎಡಗೈಯಲ್ಲಿ ಪ್ರಾಣ ಹೋಗುವಂಥ ನೋವು. ತಲೆಗೆ ಹೆಲ್ಮೆಟ್ ಇತ್ತು, ಪುಣ್ಯ. ಟೈರು ಪಂಕ್ಚರ್ ಆಗಿ ನಿಂತಿದ್ದ ಟ್ರ್ಯಾಕ್ಟರಿನ ಡ್ರೈವರ್ ಮಲ್ಲಪ್ಪ ಓಡಿ ಬಂದ.

"ಅಯ್ಯೋ ಕಾಕಾ! ಸ್ಟಿಕರ್ ಹಚ್ಚಿದವರು ನೀವ ಅಲ್ರಿ! ಕಾಣಲಿಲ್ಲೇನ್ರಿ?" ಎನ್ನುತ್ತಾ ಜೋತಾಡುತ್ತಿದ್ದ ಕಬ್ಬನ್ನು ಎತ್ತಿ ಟಾರ್ಚ್ ಬಿಟ್ಟ. ಒಳಗೆ ನನ್ನ ಸ್ಟಿಕರ್ ಫಳಫಳ ಹೊಳೆಯಿತು. ಎಳ್ಳಷ್ಟೂ ಸೊಟ್ಟ ಇರಲಿಲ್ಲ!

ಆಗ ನೆನಪಾಯಿತು, ಇನ್ನು ಸ್ವಲ್ಪ ಹೊತ್ತಿಗೆ ಸವಿತಾ ಇದೇ ದಾರಿಯಲ್ಲಿ ಬರುತ್ತಾಳೆ. "ಮಲ್ಲಪ್ಪ, ನನ್ನ ಬಿಡೋ! ಟಾರ್ಚ್ ಹಿಡಕೊಂಡು ಹಿಂದ ನಿಂದ್ರು!" ಎಂದು ಕೂಗಿದೆ. ಅವನು ನಿಂತ. ಸ್ಕೂಟಿ ದೂರದಲ್ಲೇ ನಿಂತಿತು. ಮಗಳು ಬೈಯುತ್ತಲೇ ನನ್ನ ಕೈಗೆ ದುಪಟ್ಟಾ ಕಟ್ಟಿ, ಕಣ್ಣೀರು ಒರೆಸಿಕೊಂಡು, ಆಸ್ಪತ್ರೆಗೆ ಕರೆದೊಯ್ದಳು.

ಮಹಾದೇವಿ "ನಾ ಹೇಳಿದ್ನಿಲ್ರಿ?" ಎನ್ನಲಿಲ್ಲ. ಅಂದಿದ್ದರೆ ನನ್ನ ಮನಸ್ಸು ಹಗುರಾಗುತ್ತಿತ್ತು. ಮರುದಿನ ನೇರ ಪೊಲೀಸ್ ಸಾಹೇಬರ ಮುಂದೆ ಹೋಗಿ ನಿಂತಳು. "ಸಾಹೇಬ್ರ, ಹಲಗಿ ಸ್ಟಿಕರ್ ಸಾಲಂಗಿಲ್ರಿ. ಹೊಳಿಯೋ ಅರಿವಿಯನ್ನ ಹಗ್ಗಕ್ಕ ಹೊಲಿಸಿ, ಕಬ್ಬು ಹೇರಿದ ಮ್ಯಾಲ ಹಿಂದ ಕಟ್ಟಸ್ರಿ."

ಸಾಹೇಬರು ಆಕೆಯ ಮಾತನ್ನು ಅಲ್ಲೇ ಬರೆದುಕೊಂಡರು. ಕಾರ್ಖಾನೆಯವರು ಹೊಳೆಯುವ ಬಟ್ಟೆ ಕೊಟ್ಟರು, ಪಂಚಾಯಿತಿಯವರು ಅದನ್ನು ಮಹಿಳಾ ಸಂಘದಿಂದ ಹೊಲಿಸಿದರು, ಬಟ್ಟೆ ಕಟ್ಟದ ಟ್ರೇಲರನ್ನು ಪೊಲೀಸರು ಮುಂದೆ ಬಿಡಲಿಲ್ಲ. ಈಗ ಮುಸ್ಸಂಜೆಗೆ ಗಿರಣಿಯ ಕಟ್ಟೆಯ ಮೇಲೆ ಕೂತರೆ ದೂರದಿಂದಲೇ ಕೆಂಪು ಸಾಲು ಕಾಣುತ್ತದೆ. ಅದರ ಹಿಂದೆ, ಅಂತರ ಬಿಟ್ಟು, ಸವಿತಾಳ ಸ್ಕೂಟಿ. ಖರೆ ಹೇಳುತ್ತೇನೆ, ಹೆಮ್ಮೆಯಿಂದ ಗಿರಾಕಿಗಳಿಗೆಲ್ಲ ಕೈಮಾಡಿ ತೋರಿಸುತ್ತೇನೆ. ಮಹಾದೇವಿ ಈಗ ಬಾಗಿಲಲ್ಲಿ ನಿಲ್ಲುವುದಿಲ್ಲ.

ಪಂಚಾಯಿತಿಯಲ್ಲಿ ಆಕೆಗೆ ಶಾಲು ಹೊದಿಸಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆಯಬೇಕಾದವನು ನಾನು. ಆದರೆ ಮುರಿದ ಎಡಗೈ ಪ್ಲಾಸ್ಟರಿನಲ್ಲಿತ್ತು, ಇದ್ದದ್ದು ಒಂದೇ ಕೈ! ತೊಡೆ ತಟ್ಟಿದೆ. ಆಗ ಸಾಹೇಬರು, "ಕಾಕಾ, ನೀವೂ ವೇದಿಕಿಗೆ ಬರ್ರಿ" ಎಂದರು. ಇನ್ನೊಂದು ಶಾಲು ಇರಬೇಕೆಂದು ಕೂದಲು ಸರಿಮಾಡಿಕೊಂಡು ಹತ್ತಿದೆ.

ಸಾಹೇಬರು ನನ್ನ ಪ್ಲಾಸ್ಟರ್ ಕೈಯನ್ನು ಸಭೆಗೆ ತೋರಿಸಿದರು. "ಅರಿವಿ ಕಟ್ಟಲಿಲ್ಲಂದ್ರ ಏನಾಗತೈತಿ? ಇವರನ್ನ ನೋಡ್ರಿ!"

ಸಭೆ ಬಿದ್ದು ಬಿದ್ದು ನಕ್ಕಿತು. ಆಗಲೇ ನಾನೂ ನನ್ನ ಕೈಯನ್ನು ನೋಡಿಕೊಂಡೆ. ಉಳಿದಿದ್ದ ಒಂದು ಕೆಂಪು ಸ್ಟಿಕರನ್ನು ಮಹಾದೇವಿ ನನಗೆ ತಿಳಿಯದಂತೆ ಪ್ಲಾಸ್ಟರಿಗೆ ಹಚ್ಚಿದ್ದಳು. ಪೂರಾ ಸೊಟ್ಟ.

ಆದರೆ ಎಲ್ಲರಿಗೂ ಕಾಣುತ್ತಿತ್ತು!