ಎಡಗಾಲಿನ ಚಪ್ಪಲಿಗಳು

ಸೋಮವಾರ ಬೆಳಗಿನ ಜಾವ ಬೀದಿಯಲ್ಲಿ ಒಂದು ಲಾರಿ ಗುರ್‌ಗುಟ್ಟಿಕೊಂಡು ಹೋಯಿತು. ಆಮೇಲೆ ಯತೀಶ ಎದ್ದು ಬಾಗಿಲು ತೆಗೆದರೆ ಹೊಸ್ತಿಲ ಹೊರಗೆ ಅವನ ಬಲಗಾಲಿನ ಚಪ್ಪಲಿ ಒಂದೇ ಇತ್ತು. ಪಕ್ಕದಲ್ಲಿ ಅವನ ತಾಯಿ ಹೊಂಬಾಳಮ್ಮನದೂ ಬಲಗಾಲಿನದೊಂದೇ. ಬಾಸು ಮಾತ್ರ ನ್ಯಾಯ ಮುಗಿಸಿ ಬಂದ ಊರ ಯಜಮಾನನ ಹಾಗೆ ಜಗಲಿಯ ಮೇಲೆ ಕಾಲು ಚಾಚಿ ಮಲಗಿತ್ತು.

ಬಾಸು ಅಂದರೆ ನಾಯಿ. ಒಂಬತ್ತು ವರ್ಷದ್ದು, ಮೂತಿಯೆಲ್ಲ ನರೆತಿತ್ತು. ಮೇಲಿನ ಬೀದಿಯ ಅಂಕಯ್ಯ ಕೊತ್ತತ್ತಿ ಬಿಟ್ಟು ಬೆಳಕವಾಡಿಯ ಮಗಳ ಮನೆಗೆ ಹೊರಟಾಗ, ‘ನೀನಾದ್ರೂ ಮಡಿಕಳಪ್ಪ’ ಎಂದು ಶನಿವಾರ ಯತೀಶನ ಕೈಗೆ ಹಗ್ಗ ಕೊಟ್ಟು ಹೋಗಿದ್ದ. ಹೈಸ್ಕೂಲಿನ ಗುಮಾಸ್ತ ಯತೀಶನಿಗೆ ಹುಟ್ಟಿದಾಗಿನಿಂದ ‘ಆಗಲ್ಲ’ ಎನ್ನುವ ಮಾತು ಬಾಯಿಗೆ ಬಂದದ್ದೇ ಇಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಪಟ್ಟಲಮ್ಮ ಒಂಟಿ ಚಪ್ಪಲಿ ಹಿಡಿದು ಬಂದಳು. ‘ನಿನ್ ನಾಯಿ ನನ್ ಎಡಗಾಲ್ದು ಕಚ್ಕೊಂಡು ಓಗೋದ್ನ ನಾನೇ ಕಂಡೆ ಕಣಪ್ಪ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ?’

ಹೊಂಬಾಳಮ್ಮ ತೀರ್ಪು ಕೊಟ್ಟೇಬಿಟ್ಟಳು. ‘ಸಂಜೆ ಐದರೊಳಗೆ ಇದು ಬುದ್ದಿ ಕಲೀಬೇಕು. ಇಲ್ದಿದ್ರೆ ನಾಲೆ ಆಚೆಗೆ ಬುಟ್ಟು ಬಾ.’

‘ಈ ವಯಸ್ನಲ್ಲಿ ಎಲ್ಲಿಗೋಯ್ತದವ್ವ?’

‘ಈ ವಯಸ್ನಲ್ಲಿ ಒಂಟಿ ಚಪ್ಲಿ ಮೆಟ್ಕೊಂಡು ನಾನೆಲ್ಲಿಗೋಗ್ಲಿ?’

ಎರಡೇ ದಿನಕ್ಕೆ ಆ ನಾಯಿ ಯತೀಶನ ಕಾಲ ಬುಡದಲ್ಲಿ ಮಲಗುವುದನ್ನು ಕಲಿತಿತ್ತು, ಅವನಿಗೂ ಅದು ಅಭ್ಯಾಸವಾಗಿತ್ತು. ಅಂಕಯ್ಯನಿಗೆ ಫೋನು ಮಾಡಿದ. ಎತ್ತಲಿಲ್ಲ. ಸ್ಕೂಲಿಗೆ ರಜೆ ಹಾಕಿದ.

ಎದುರು ಮನೆಯ ಶಿವರಾಮು ಕರೆಯದೆಯೇ ಬಂದ. ಜನ್ಮದಲ್ಲಿ ಒಂದು ಕೋಳಿ ಸಾಕಿದವನಲ್ಲ, ಆದರೆ ಮೊಬೈಲಿನಲ್ಲಿ ನಾಯಿ ಪಳಗಿಸುವ ವಿಡಿಯೋ ಒಂದನ್ನೂ ಬಿಟ್ಟವನಲ್ಲ. ‘ಕೂರೋದ್ರಿಂದ ಸುರು ಮಾಡ್ಬೇಕು ಕಣ್ಲಾ. ಮೊದ್ಲು ನೀನು ಕೂತು ತೋರ್ಸು.’

ಯತೀಶ ‘ಕೂತ್ಕೊ’ ಎಂದು ಹೇಳಿ ತಾನೇ ಕೂತ. ಎದ್ದ. ಮತ್ತೆ ಕೂತ. ಹತ್ತೊಂಬತ್ತು ಸಲ ಆಯಿತು. ಬೀದಿಯಲ್ಲಿ ಹೋಗುತ್ತಿದ್ದ ಹೆಡ್‌ಮಾಸ್ಟರು ತಿರುನಾರಾಯಣ ಸೈಕಲ್ಲು ನಿಲ್ಲಿಸಿ, ‘ರಜಾ ಅರ್ಜೀಲಿ ಸೊಂಟ ನೋವು ಅಂತ ಬರೆದಿದ್ದೀರಲ್ಲ ಯತೀಶ್’ ಎಂದರು. ಬಾಸು ಬಿಸ್ಕತ್ತನ್ನು ಮೂಸಿ, ಮುಖ ತಿರುಗಿಸಿ ಆಕಳಿಸಿತು.

‘ಬಿಸ್ಕತ್ತು ಪ್ಯಾಟೆ ನಾಯಿಗೆ ಕಣ್ಲಾ’ ಎಂದ ಶಿವರಾಮು. ‘ನಿನ್ನೆ ಬಾಡಿನ ಎಸರು ಮಿಕ್ಕಿಲ್ವಾ?’

ಮಿಕ್ಕಿತ್ತು. ಯತೀಶ ಕಳ್ಳನ ಹಾಗೆ ಅಡುಗೆಮನೆಗೆ ನುಗ್ಗಿ, ಮಾಂಸದ ಎಸರಿನಲ್ಲಿ ಅದ್ದಿದ ಮುದ್ದೆ ತಂದ. ಒಂದು ತುತ್ತಿಗೆ ಬಾಸು ಕೂತಿತು. ಆಮೇಲೆ ಮುಂದೆ ಒಂದು ಚಪ್ಪಲಿ ಇಟ್ಟು, ಬಾಯಿ ಹಾಕಿದರೆ ‘ಬುಡು’ ಎನ್ನುವುದು, ಬಿಟ್ಟರೆ ತುತ್ತು ಕೊಡುವುದು. ಮೂರು ಗಂಟೆಯ ಹೊತ್ತಿಗೆ ಚಪ್ಪಲಿ ಕಂಡರೆ ಸಾಕು, ಬಾಸು ತಾನಾಗಿ ಕೂತು ಮುಖ ತಿರುಗಿಸತೊಡಗಿತು. ಯತೀಶನ ಕಣ್ಣು ತುಂಬಿ ಬಂತು. ಒಳಗೆ ಹೊಂಬಾಳಮ್ಮ ಎಸರಿನ ಮಡಕೆ ಬಗ್ಗಿಸಿ ನೋಡಿ, ಅವನ ವಂಶವನ್ನೆಲ್ಲ ಬಯ್ಯುತ್ತಿದ್ದಳು. ಅದು ತನ್ನದೂ ವಂಶ ಎನ್ನುವುದು ಅವಳಿಗೆ ನೆನಪಿರಲಿಲ್ಲ.

ನಾಲ್ಕಕ್ಕೆ ಪಟ್ಟಲಮ್ಮ ಏದುಸಿರು ಬಿಡುತ್ತ ಬಂದಳು. ‘ಪಡಿ ಅಂಗ್ಡಿ ತಗ್ದವ್ರೆ, ಚೀಲ ತಕ್ಕೊಂಡು ಬಾ ಒಂಬಾಳಕ್ಕ. ಸಾಲ್ನಲ್ಲಿ ನಿಮ್ಮೆರಡು ಚಪ್ಲಿ ಮುಂದ್ಗಡೆ ಕುಂತವೆ, ನನ್ದು ಮೂರ್ನೇದು.’

ಪಡಿ ಅಂಗಡಿಯಲ್ಲಿ ರೇಷನ್ ಅಕ್ಕಿ ಕೊಡುವ ದಿನ ಕೊತ್ತತ್ತಿಯ ಸಾಲಿನಲ್ಲಿ ಜನ ನಿಲ್ಲುವುದಿಲ್ಲ, ಚಪ್ಪಲಿಗಳು ನಿಲ್ಲುತ್ತವೆ. ಬೆಳಿಗ್ಗೆಯೇ ಒಂದೊಂದು ಚಪ್ಪಲಿ ಇಟ್ಟು ಹೋದವರು ಸಂಜೆ ಬಂದು ಅದರ ಹಿಂದೆ ನಿಂತರೆ ಆಯಿತು. ಮೂವರೂ ಅಕ್ಕಿ ತಂದರು. ಹದಿನೈದನೆಯವರ ಹೆಬ್ಬೆಟ್ಟು ಒತ್ತಿಸಿಕೊಂಡು ಮಿಷನ್ನು ಕೆಟ್ಟು ನಿಂತಿತು. ಉಳಿದವರೆಲ್ಲ ಚಪ್ಪಲಿ ಎತ್ತಿಕೊಂಡು, ನಾಳೆ ಬರಬೇಕೆಂದು ಗೊಣಗುತ್ತ ಹೋದರು.

ಆಗ ಅಂಕಯ್ಯನ ಫೋನು ಬಂತು. ‘ಅಯ್ಯೋ, ನಿಂಗೊಂದು ಮಾತು ಏಳೋದೇ ಮರ್ತೆ ಕಣಪ್ಪ. ಅಕ್ಕಿ ಲಾರಿ ಸದ್ದು ಕೇಳ್ತು ಅಂದ್ರೆ ಬಾಸು ಸಿಕ್ಕಿದ್ ಎಡಗಾಲ್ದು ಕಚ್ಕೊಂಡೋಗಿ ಸಾಲ್ನಲ್ಲಿ ಮಡಗಿ ಬತ್ತದೆ. ಎರಡು ವರ್ಸ ಪಳಗಿಸ್ದೆ. ಅಂಕಯ್ಯ ನಾಕು ಗಂಟೆಗೇ ಎದ್ದು ಬತ್ತಾನೆ ಅಂತ ಊರು ಅಂದ್ಕೊಂಡಿತ್ತು, ನಾನು ಮನ್ಗಿರ್ತಿದ್ದೆ.’

ಪಟ್ಟಲಮ್ಮನಿಗೆ ಗೊತ್ತಾದದ್ದು ಬೀದಿಗೆ ಗೊತ್ತಾಗಲು ಎಷ್ಟು ಹೊತ್ತು? ಐದು ಗಂಟೆಗೆ ಯತೀಶನ ಜಗಲಿಯ ಮೇಲೆ ಹನ್ನೊಂದು ಎಡಗಾಲಿನ ಚಪ್ಪಲಿಗಳು ಬಂದು ಕೂತಿದ್ದವು. ‘ಅದ್ಕೇನಂತೆ, ನಮ್ ಬಾಸು ಬೆಳಿಗ್ಗೆ ಮಡಗಿ ಬತ್ತದೆ’ ಎಂದು ಹೊಂಬಾಳಮ್ಮ ಎಲ್ಲರಿಗೂ ಮಾತು ಕೊಟ್ಟು, ಒಂದು ಚಪ್ಪಲಿಯನ್ನು ಬಾಸುವಿನ ಮೂತಿಗೆ ಹಿಡಿದಳು. ‘ಕಚ್ಕೊ ನನ್ ಬಂಗಾರ.’

ಬಾಸು ಚಪ್ಪಲಿ ನೋಡಿತು. ಯತೀಶನನ್ನು ನೋಡಿತು. ಶಿಸ್ತಾಗಿ ಕೂತು, ಮುಖ ತಿರುಗಿಸಿ, ಮುದ್ದೆಗಾಗಿ ಬಾಯಿ ತೆರೆಯಿತು.

ಹನ್ನೊಂದು ಚಪ್ಪಲಿಯನ್ನೂ ಹಿಡಿದದ್ದಾಯಿತು. ಹನ್ನೊಂದು ಸಲವೂ ಅಷ್ಟೇ.

‘ಇಂತಾ ನಾಯೀನ ಕೆಡ್ಸ್‌ದೋನು ಯಾವನ್ಲಾ?’ ಎಂದಳು ಹೊಂಬಾಳಮ್ಮ.

‘ನಾನು ಬ್ಯಾಡ ಅಂದೆ ಕಣಕ್ಕ’ ಎಂದ ಶಿವರಾಮು, ಮನೆಯ ಕಡೆ ಹೆಜ್ಜೆ ಹಾಕುತ್ತ.

ಮಾತು ಕೊಟ್ಟಾಗಿತ್ತು. ಮಂಗಳವಾರ ಬೆಳಗಿನ ಜಾವ ನಾಲ್ಕಕ್ಕೆ ಯತೀಶ ಚಪ್ಪಲಿಯ ಚೀಲವನ್ನು ಹೆಗಲಿಗೇರಿಸಿಕೊಂಡು ಪಡಿ ಅಂಗಡಿಗೆ ಹೋಗಿ, ಬಗ್ಗಿ ಬಗ್ಗಿ ಒಂದೊಂದನ್ನೇ ಸಾಲಿಗಿಟ್ಟ. ಈಗ ಸೊಂಟ ನಿಜವಾಗಿಯೂ ನೋಯುತ್ತಿತ್ತು. ಹಿಂದೆಯೇ ಬಂದ ಬಾಸು ಪಕ್ಕದಲ್ಲಿ ಕೂತು ನೋಡುತ್ತಿತ್ತು, ಯಾರೂ ಕೂತ್ಕೊ ಅನ್ನದೆಯೇ.